ಜೀವಿ ಸುಮ್ಮನೆ ಕೂತಿರುವುದಿಲ್ಲ

(ಪದವಿ ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜೀವವಿಕಾಸದ ಪಾಠ ನಮ್ಮಲ್ಲಿ ಹೇಗೆ ಶುರುವಾಗುತ್ತದೆ ಅಂತ ನಿಮಗೆಲ್ಲ ಗೊತ್ತು. ಜಿರಾಫೆಯ ಚಿತ್ರ, ಪಕ್ಕದಲ್ಲಿ ಎತ್ತರದ ಮರ. ಕತ್ತು ಉದ್ದ ಇದ್ದವು ಉಳಿದವು, ಗಿಡ್ಡ ಇದ್ದವು ಅಳಿದವು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪೂರ್ತಿ ಅಂಕ. ಜಿರಾಫೆಯ ಕತ್ತಿನ ಬಗ್ಗೆ ವಿಜ್ಞಾನಿಗಳಲ್ಲೇ ತಕರಾರುಗಳಿವೆ, ಅದು ಈಗ ಬೇಡ. ನನ್ನ ಪ್ರಶ್ನೆ ಬೇರೆ. ಈ ಕಥೆಯಲ್ಲಿ ಜಿರಾಫೆ ಏನು ಮಾಡುತ್ತದೆ? ಏನೂ ಇಲ್ಲ. ಒಳಗೆ ಜೀನ್ ತನ್ನಷ್ಟಕ್ಕೆ ಬದಲಾಗುತ್ತದೆ. ಹೊರಗೆ ಪರಿಸರ ತನಗೆ ಬೇಕಾದ್ದನ್ನು ಆರಿಸುತ್ತದೆ. ನಡುವೆ ಪ್ರಾಣಿ ಸುಮ್ನೆ ನಿಂತಿರುತ್ತದೆ.

ಆದರೆ ನಾವು ನೋಡಿರುವ ಯಾವ ಪ್ರಾಣಿ ಹೀಗೆ ಸುಮ್ನೆ ನಿಂತಿದೆ ಹೇಳಿ? ಬಿಲ ತೋಡುತ್ತದೆ, ಗೂಡು ಕಟ್ಟುತ್ತದೆ, ಬಿಸಿಲಾದರೆ ನೆರಳಿಗೆ ಹೋಗುತ್ತದೆ, ಹೊಸ ತಿಂಡಿ ಸಿಕ್ಕರೆ ಮೂಸಿ ನೋಡುತ್ತದೆ. ಈ ಓಡಾಟ, ಈ ಕೆಲಸ, ಈ ಹುಡುಕಾಟ ಎಲ್ಲ ವಿಕಾಸದ ಲೆಕ್ಕದಲ್ಲಿ ಬರುತ್ತದಾ? ಬಂದರೆ ಯಾವ ಸಾಲಿನಲ್ಲಿ? ಇವತ್ತಿನ ಮಾತು ಇಷ್ಟರ ಬಗ್ಗೆ.

ಎರೆಹುಳುವಿನಿಂದ ಶುರು ಮಾಡುತ್ತೇನೆ. ಡಾರ್ವಿನ್ ಕೂಡ ಕೊನೆಗೆ ಬಂದು ನಿಂತದ್ದು ಅಲ್ಲೇ. 1881ರ ಅಕ್ಟೋಬರಿನಲ್ಲಿ ಅವರ ಕೊನೆಯ ಪುಸ್ತಕ ಬಂತು. ಮುಂದಿನ ಏಪ್ರಿಲ್‌ನಲ್ಲಿ ತೀರಿಕೊಂಡರು. ಆ ಇಡೀ ಪುಸ್ತಕ ಎರೆಹುಳುಗಳು ಮಣ್ಣನ್ನು ಹೇಗೆ ಬದಲಾಯಿಸುತ್ತವೆ ಅನ್ನುವುದರ ಮೇಲೆ. ವಯಸ್ಸಾದವರ ಹವ್ಯಾಸ ಅಂದುಕೊಳ್ಳಬೇಡಿ. ಈ ವಿಷಯದ ಮೇಲೆ ಅವರ ಮೊದಲ ಪ್ರಬಂಧ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿಯಲ್ಲಿ ಓದಿದ್ದು 1837ರಲ್ಲಿ. ಆಗ ಅವರಿಗಿನ್ನೂ 28 ವರ್ಷ. ವರ್ಷಗಳ ಹಿಂದೆ ಹೊಲದ ಮೇಲೆ ಹರಡಿದ್ದ ಸುಣ್ಣ, ಬೂದಿಗಟ್ಟಿ ಎಲ್ಲ ಈಗ ಹುಲ್ಲಿನ ಕೆಳಗೆ ಇಳಿದುಹೋಗಿದೆ, ಇದು ಹುಳುಗಳ ಕೆಲಸವಿರಬೇಕು ಅಂತ ಸೋದರಮಾವ ಜೊಸಾಯ ವೆಜ್‌ವುಡ್ ತೋರಿಸಿದ್ದರು. ಆ ಮಾತು ನಾಲ್ಕು ದಶಕ ಡಾರ್ವಿನ್ನರ ತಲೆಯಲ್ಲಿ ಉಳಿಯಿತು.

ಅವರು ಪ್ರಯೋಗ ಮಾಡಿದ ರೀತಿ ನೋಡಿ. 1842ರಲ್ಲಿ ಮನೆ ಹತ್ತಿರದ ಹೊಲದ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರು ಹರಡಿಸಿದರು. ಆಮೇಲೆ ಕಾದರು. 29 ವರ್ಷ! 1871ರಲ್ಲಿ ಅಲ್ಲಿ ಕಂದಕ ತೋಡಿಸಿದರೆ, ಬಿಳಿ ಚೂರುಗಳು ಸಾಲಾಗಿ ನೆಲದಿಂದ ಏಳು ಇಂಚು ಕೆಳಗೆ ಸಿಕ್ಕವು. ಕಲ್ಲು ತಾನಾಗಿ ಕೆಳಗೆ ಹೋಗಿರಲಿಲ್ಲ. ಹುಳುಗಳು ಕೆಳಗಿನ ಮಣ್ಣನ್ನು ತಿಂದು, ಮೇಲೆ ಬಂದು ಹಿಕ್ಕೆ ಹಾಕಿ ಹಾಕಿ, ನೆಲವನ್ನೇ ಏರಿಸಿದ್ದವು. ನಮ್ಮ ತೋಟಗಳಲ್ಲೂ ಮೊದಲ ಮಳೆ ಬಿದ್ದ ಮೇಲೆ ಶಾವಿಗೆ ಸುರುಳಿ ಸುತ್ತಿಟ್ಟ ಹಾಗೆ ಸಣ್ಣ ಸಣ್ಣ ಮಣ್ಣಿನ ಗುಪ್ಪೆ ಕಾಣುತ್ತದಲ್ಲ, ಅದೇ.

ಮನೆಯೊಳಗಿನ ಪ್ರಯೋಗಗಳು ಇನ್ನೂ ಮಜಾ. ಹುಳುಗಳಿಗೆ ಕಿವಿ ಕೇಳುತ್ತದಾ ಅಂತ ನೋಡಲು ಮಗ ಫ್ರಾನ್ಸಿಸ್ ಅವುಗಳ ಮುಂದೆ ಬಸೂನ್ ಅನ್ನುವ ವಾದ್ಯ ಊದಿದ. ಪಿಯಾನೊ ನುಡಿಸಿಯೂ ಆಯಿತು. ಹುಳುಗಳಿಗೆ ಏನೂ ಅನ್ನಿಸಲಿಲ್ಲ. ಕೊನೆಗೆ ಎರಡು ಹುಳುಗಳಿದ್ದ ಕುಂಡಗಳನ್ನು ಪಿಯಾನೊ ಮೇಲೇ ಇಟ್ಟು ಒಂದು ಸ್ವರ ಒತ್ತಿದಾಗ ಎರಡು ಹುಳುಗಳೂ ಗಬಕ್ಕನೆ ಬಿಲದೊಳಗೆ ಹೋದವು. ಸದ್ದು ತಿಳಿಯದಿದ್ದರೂ ನಡುಕ ತಿಳಿಯುತ್ತದೆ ಅಂತ ಗೊತ್ತಾಯಿತು.

ನನಗೆ ಬಹಳ ಇಷ್ಟವಾದದ್ದು ಕಾಗದದ ಪ್ರಯೋಗ. ಹುಳುಗಳು ಬಿಲದ ಬಾಯಿ ಮುಚ್ಚಲು ಎಲೆ ಎಳೆದುಕೊಳ್ಳುತ್ತವೆ. ಯಾವ ಕಡೆಯಿಂದ ಹಿಡಿದು ಎಳೆಯುತ್ತವೆ? ಡಾರ್ವಿನ್ ಬರೆಯುವ ಕಾಗದವನ್ನು ಉದ್ದನೆಯ ತ್ರಿಕೋನಗಳಾಗಿ ಕತ್ತರಿಸಿ, ನೆನೆಯದ ಹಾಗೆ ಕೊಬ್ಬು ಸವರಿ, ಹೊರಗೆ ಹಾಕಿದರು. ಒಟ್ಟು 303 ತುಂಡುಗಳನ್ನು ಹುಳುಗಳು ಎಳೆದುಕೊಂಡವು. ಅದರಲ್ಲಿ ಶೇಕಡ 62 ಚೂಪು ತುದಿಯಿಂದ, 23 ಅಗಲದ ಕಡೆಯಿಂದ, ಮಿಕ್ಕವು ನಡುವಿನಿಂದ. ಚೂಪು ತುದಿಯಿಂದ ಎಳೆದರೆ ತಾನೇ ಬಿಲಕ್ಕೆ ಸಲೀಸಾಗಿ ಹೋಗುವುದು? ಹುಳುಗಳು ಕಾಗದವನ್ನು ಯಾವತ್ತೂ ಕಂಡಿರಲಿಲ್ಲ. ಅವುಗಳ ತಾತ ಮುತ್ತಾತಂದಿರೂ ಕಂಡಿರಲಿಲ್ಲ. ಇದು ಬರೀ ಹುಟ್ಟುಗುಣ ಅಂದರೆ ಸಾಲದು, ಒಂದಿಷ್ಟು ಬುದ್ಧಿ ಇದೆ ಅಂತಲೇ ಡಾರ್ವಿನ್ ಬರೆದರು. ಬುದ್ಧಿ ಅನ್ನುವ ಮಾತು ಸ್ವಲ್ಪ ಜಾಸ್ತಿ ಆಯಿತೇನೋ. ಆದರೆ ಎದುರಿಗಿರುವ ವಸ್ತು ಹೇಗಿದೆಯೋ ಅದಕ್ಕೆ ತಕ್ಕಂತೆ ತನ್ನ ಕೆಲಸವನ್ನು ಹೊಂದಿಸಿಕೊಳ್ಳುವುದು ಅಲ್ಲಿ ಕಾಣುತ್ತದೆ.

ಈಗ ಕಥೆಯ ಇನ್ನೊಂದು ಅರ್ಧ. ಇದನ್ನು ಚೆನ್ನಾಗಿ ಬಿಡಿಸಿ ಹೇಳಿದವರು ಅಮೆರಿಕದ ಶರೀರವಿಜ್ಞಾನಿ ಜೆ. ಸ್ಕಾಟ್ ಟರ್ನರ್. ಎರೆಹುಳು ನೆಲದ ಪ್ರಾಣಿ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅದರ ದೇಹದೊಳಗೆ ಮೂತ್ರ ಸೋಸುವ ಅಂಗಗಳನ್ನು ನೋಡಿದರೆ, ಅವು ಸಿಹಿನೀರಿನಲ್ಲಿ ಬದುಕುವ ಪ್ರಾಣಿಯ ಹಾಗಿವೆ. ಸಿಹಿನೀರಿನ ಪ್ರಾಣಿಗೆ ನೀರಿನ ಚಿಂತೆಯಿಲ್ಲ, ಚರ್ಮದಿಂದ ಒಳಗೆ ನುಗ್ಗುತ್ತಲೇ ಇರುತ್ತದೆ. ಹಾಗಾಗಿ ಅದು ತೆಳುವಾದ ಮೂತ್ರವನ್ನು ಧಾರಾಳವಾಗಿ ಹೊರಹಾಕುತ್ತದೆ. ನೆಲದ ಮೇಲೆ ಬದುಕುವವರಿಗೆ ಆ ಧಾರಾಳತನ ಸಾಧ್ಯವಿಲ್ಲ. ಎರೆಹುಳು ಉಸಿರಾಡುವುದೂ ಒದ್ದೆ ಚರ್ಮದಿಂದಲೇ. ಲೆಕ್ಕದ ಪ್ರಕಾರ ಅದು ನೆಲದಲ್ಲಿ ಒಣಗಿ ಸಾಯಬೇಕಿತ್ತು.

ಪಠ್ಯಪುಸ್ತಕದ ದಾರಿ ಹಿಡಿದರೆ ಎರೆಹುಳುವಿನ ಅಂಗಗಳು ಬದಲಾಗಿ, ನೀರು ಹಿಡಿದಿಟ್ಟುಕೊಳ್ಳುವ ಹೊಸ ಏರ್ಪಾಡು ಬರಬೇಕಿತ್ತು. ಅಂಥದ್ದೇನೂ ಜಾಸ್ತಿ ಆಗಲಿಲ್ಲ. ಬದಲಾಗಿದ್ದು ಮಣ್ಣು. ಹುಳು ಬಿಲ ತೋಡುತ್ತದೆ, ಲೋಳೆ ಸವರುತ್ತದೆ, ಎಲೆ ಎಳೆದು ತರುತ್ತದೆ, ಮಣ್ಣನ್ನು ನುಂಗಿ ಕಾಳುಕಾಳಾಗಿ ಹೊರಹಾಕುತ್ತದೆ. ಇದರಿಂದ ಮಣ್ಣು ಸಡಿಲವಾಗುತ್ತದೆ. ನೀರು ಇಳಿಯುತ್ತದೆ, ಇಳಿದ ನೀರು ಹುಳುವಿಗೆ ಸುಲಭವಾಗಿ ದಕ್ಕುವ ಹಾಗೆ ನಿಲ್ಲುತ್ತದೆ. ಅಂದರೆ ನೀರು ಕಾಯುವ ಕೆಲಸವನ್ನು ಹುಳು ತನ್ನ ಮೈಯಿಂದ ಹೊರಗೆ, ಮಣ್ಣಿಗೆ ವಹಿಸಿದೆ. ಅದಕ್ಕೇ ನೆಲದಲ್ಲಿದ್ದೂ ಕೆರೆಯ ಪ್ರಾಣಿಯ ಒಳಾಂಗ ಇಟ್ಟುಕೊಂಡು ಬದುಕಿದೆ.

ಹಾಗಾದರೆ ಇಲ್ಲಿ ಯಾರು ಯಾರಿಗೆ ಹೊಂದಿಕೊಂಡರು? ಹುಳು ಮಣ್ಣಿಗೋ, ಮಣ್ಣು ಹುಳುವಿಗೋ?

ಈ ಪ್ರಶ್ನೆಯನ್ನು ವಿಕಾಸ ಸಿದ್ಧಾಂತದ ನಡುಮನೆಗೆ ತಂದವರು ರಿಚರ್ಡ್ ಲೆವಾಂಟಿನ್. ಹಾರ್ವರ್ಡ್‌ನ ತಳಿವಿಜ್ಞಾನಿ, 2021ರಲ್ಲಿ ತೀರಿಕೊಂಡರು. ಜೀವಿ ವಿಕಾಸದ ಫಲವೂ ಹೌದು, ಅದನ್ನು ನಡೆಸುವವರಲ್ಲಿ ಒಬ್ಬ ಪಾಲುದಾರನೂ ಹೌದು ಅನ್ನುವುದು 1983ರಲ್ಲಿ ಅವರು ಬರೆದ ಪ್ರಬಂಧವೊಂದರ ತಿರುಳು. ಅವರ ಒಂದು ಉದಾಹರಣೆ ನನಗೆ ಯಾವಾಗಲೂ ನೆನಪಾಗುತ್ತದೆ. ಒಂದು ತೋಟ. ಅಲ್ಲಿ ಕಲ್ಲಿದೆ, ಒಣಹುಲ್ಲಿದೆ. ಥ್ರಷ್ ಹಕ್ಕಿ ಬಸವನಹುಳುವನ್ನು ಕಲ್ಲಿಗೆ ಕುಟ್ಟಿ ಒಡೆದು ತಿನ್ನುತ್ತದೆ. ಅದಕ್ಕೆ ಆ ಕಲ್ಲು ಪರಿಸರದ ಭಾಗ. ಅದೇ ತೋಟದ ಫೀಬಿ ಹಕ್ಕಿಗೆ ಹುಲ್ಲು ಬೇಕು, ಗೂಡಿಗೆ. ಕಲ್ಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತೋಟ ಒಂದೇ ಆದರೂ ಪರಿಸರ ಎರಡು. ಹಕ್ಕಿ ಏನು ಮಾಡುತ್ತದೆ ಅಂತ ನೋಡದೆ ಅದರ ಪರಿಸರ ಯಾವುದು ಅಂತ ಹೇಳೋಕೇ ಆಗುವುದಿಲ್ಲ.

ಮುಂದೆ 1988ರಲ್ಲಿ ಜಾನ್ ಆಡ್ಲಿಂಗ್-ಸ್ಮೀ ಇದಕ್ಕೆ ನೀಶ್ ಕನ್‌ಸ್ಟ್ರಕ್ಷನ್ ಅಂತ ಹೆಸರಿಟ್ಟರು. ಜೀವಿ ತನ್ನ ನೆಲೆಯನ್ನು ತಾನೇ ಕಟ್ಟಿಕೊಳ್ಳುವುದು ಅಂತ ಇಟ್ಟುಕೊಳ್ಳಿ. ಆಡ್ಲಿಂಗ್-ಸ್ಮೀ, ಕೆವಿನ್ ಲಾಲಂಡ್ ಮತ್ತು ಮಾರ್ಕಸ್ ಫೆಲ್ಡ್‌ಮನ್ ಸೇರಿ ಇದಕ್ಕೆ ಗಣಿತವನ್ನೂ ಕೊಟ್ಟರು. ಅವರು ಒತ್ತಿ ಹೇಳುವ ಮಾತು ಒಂದು: ಮಕ್ಕಳಿಗೆ ಹೋಗುವುದು ಜೀನ್ ಮಾತ್ರ ಅಲ್ಲ, ಬದಲಾದ ಜಾಗವೂ ಹೋಗುತ್ತದೆ. ಆಸ್ತಿಯೂ ವಂಶದಲ್ಲಿ ಇಳಿಯುತ್ತದೆ, ಅಲ್ವಾ?

ನಮ್ಮ ಹುತ್ತ ನೋಡಿ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಅಂತ ಗಾದೆಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಓಡಾಂಟೊಟರ್ಮಿಸ್ ಅನ್ನುವ ಜಾತಿಯ ಗೆದ್ದಲು ಹುತ್ತ ಕಟ್ಟುವುದನ್ನು ಹತ್ತಿರದಿಂದ ನೋಡಿದ್ದಾರೆ. ಕೆಲಸಗಾರ ಗೆದ್ದಲು ಹಸಿ ಮಣ್ಣಿಗೆ ಜೊಲ್ಲು ಬೆರೆಸಿ, ಬಾಯಲ್ಲೇ ಸಣ್ಣ ಉಂಡೆ ಮಾಡಿ, ಒಂದರ ಪಕ್ಕ ಒಂದು ಒತ್ತುತ್ತದೆ. ಒಣಗಿದ ಮೇಲೆ ಅದು ಸುತ್ತಲಿನ ಮಣ್ಣಿಗಿಂತ ಎಷ್ಟೋ ಗಟ್ಟಿ. ಮಳೆಗಾಲ ಕಳೆದರೂ ಕರಗುವುದಿಲ್ಲ. ಹಾರೆ ಹಾಕಿ ಕೆಡವಲು ಹೋದವರಿಗೆ ನಾನು ಹೇಳಬೇಕಾಗಿಲ್ಲ. ಒಳಗೆ ಗೆದ್ದಲುಗಳು ಬೇಸಾಯ ಮಾಡುತ್ತವೆ. ಸೊಪ್ಪು ಸೌದೆ ಅಗಿದು ಅದರ ಮೇಲೆ ಟರ್ಮಿಟೊಮೈಸಿಸ್ ಅನ್ನುವ ಶಿಲೀಂಧ್ರ ಬೆಳೆಸಿ ತಿನ್ನುತ್ತವೆ. ಮಳೆ ಶುರುವಾದಾಗ ಹುತ್ತದ ಮೇಲೆ ಏಳುವ ಅಣಬೆ, ನಾವು ಕಿತ್ತು ತಂದು ಸಾರು ಮಾಡುತ್ತೇವಲ್ಲ, ಅದು ಅವುಗಳ ತೋಟದ್ದು. ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ ಆಗಿದೆ. ಇಷ್ಟು ಕಾಲ ಆಗಿ, ಹುತ್ತದೊಳಗಿನ ತಂಪು ತೇವ ಬಿಟ್ಟು ಈ ಗೆದ್ದಲೂ ಬದುಕದು, ಆ ಶಿಲೀಂಧ್ರವೂ ಬದುಕದು. ಅವುಗಳನ್ನು ಈಗ ಆರಿಸುತ್ತಿರುವ ಪರಿಸರ ಅವೇ ಕಟ್ಟಿದ ಪರಿಸರ.

ಇಲ್ಲಿ ಒಂದು ಎಚ್ಚರಿಕೆ. ಪಾಲುದಾರ, ಕೆಲಸಗಾರ ಅಂದಕೂಡಲೇ ಜೀವಿಗೆ ಮನಸ್ಸಿದೆ, ಗುರಿಯಿದೆ, ಅದು ಮುಂದಿನದ್ದನ್ನು ಯೋಚಿಸಿ ವಿಕಾಸ ಹೊಂದುತ್ತದೆ ಅಂತೆಲ್ಲ ಹೋಗಿಬಿಡಬಾರದು. ವಾಟ್ಸಾಪ್‌ನಲ್ಲಿ ಅಂಥದ್ದು ಬೇಕಾದಷ್ಟು ಓಡಾಡುತ್ತದೆ. ನಮ್ಮ ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾಗೆ ಮಿದುಳೂ ಇಲ್ಲ, ನರವೂ ಇಲ್ಲ. ಆದರೂ ಸುಮಾರು ಒಂದು ಸೆಕೆಂಡ್ ನೇರ ಈಜುತ್ತದೆ, ಗಿರಕಿ ಹೊಡೆದು ದಿಕ್ಕು ಬದಲಿಸುತ್ತದೆ, ಮತ್ತೆ ಈಜುತ್ತದೆ. ಸಿಹಿ ಜಾಸ್ತಿ ಆಗುತ್ತಿದ್ದರೆ ಗಿರಕಿ ಕಡಿಮೆ ಮಾಡಿ ಅದೇ ದಿಕ್ಕಿನಲ್ಲಿ ಮುಂದುವರಿಯುತ್ತದೆ. ಒಂದೇ ಜೀವಕೋಶದ ಜೀವಿಯೂ ತಾನಿರುವ ಜಾಗವನ್ನು ಹೀಗೆ ಆರಿಸಿಕೊಳ್ಳುತ್ತದೆ. ನಾನು ಹೇಳುತ್ತಿರುವ ಕರ್ತೃತ್ವ ಈ ಮಟ್ಟದ್ದು. ಸ್ಥಿತಿ ನೋಡಿ ನಡೆ ಬದಲಿಸುವ ಶಕ್ತಿ, ಅಷ್ಟೇ. ಅಷ್ಟೇ ಆದರೂ ಅದು ಸಣ್ಣದಲ್ಲ.

ಹೊರಗಿನದನ್ನು ಬದಲಿಸುವುದು ಒಂದಾಯಿತು. ಜೀವಿ ತನ್ನ ಮೈಯನ್ನೇ ಬದಲಿಸಿಕೊಳ್ಳುವುದು ಇನ್ನೊಂದು. ಹೊಸ ಚಪ್ಪಲಿ ಹಾಕಿಕೊಂಡಾಗ ಚಪ್ಪಲಿಯೂ ಸಡಿಲವಾಗುತ್ತದೆ, ಕಾಲೂ ಗಡುಸಾಗುತ್ತದೆ. ಹಾಗೆ ಎರಡೂ ಒಟ್ಟಿಗೆ ನಡೆಯುತ್ತವೆ.

2014ರಲ್ಲಿ ಕೆನಡಾದ ಎಮಿಲಿ ಸ್ಟ್ಯಾಂಡನ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಆಫ್ರಿಕಾದಲ್ಲಿ ಪಾಲಿಪ್ಟೆರಸ್ ಅನ್ನುವ ಮೀನಿದೆ. ಗಾಳಿಯನ್ನೂ ಉಸಿರಾಡಬಲ್ಲದು. ಇದರ ಮರಿಗಳನ್ನು ಎಂಟು ತಿಂಗಳು ಹೆಚ್ಚೂಕಡಿಮೆ ನೆಲದ ಮೇಲೆ ಸಾಕಿದರು. ತಳದಲ್ಲಿ ಬೆಣಚುಕಲ್ಲು, ತೆಳುವಾಗಿ ಒಂದು ಪದರ ನೀರು, ಮೇಲಿಂದ ತುಂತುರು. ಅಷ್ಟೇ. ನೀರಿನಲ್ಲಿ ಬೆಳೆದ ಮೀನನ್ನು ನೆಲಕ್ಕೆ ಬಿಟ್ಟರೆ ಅದು ರೆಕ್ಕೆ ಜಾರಿಸುತ್ತ ಹೇಗೋ ತೆವಳುತ್ತದೆ. ನೆಲದಲ್ಲಿ ಬೆಳೆದವು ರೆಕ್ಕೆಯನ್ನು ಮೈ ಹತ್ತಿರಕ್ಕೆ ಊರಿ, ತಲೆ ಎತ್ತಿ, ಜಾರದೆ ನಡೆದವು. ಹೆಗಲಿನ ಮೂಳೆಗಳ ಆಕಾರವೂ ಬದಲಾಗಿತ್ತು. ಹತ್ತಿರ ಹತ್ತಿರ 37 ಕೋಟಿ ವರ್ಷಗಳ ಹಿಂದೆ ಮೀನಿನಿಂದ ನಾಲ್ಕು ಕಾಲಿನ ಪ್ರಾಣಿ ಬಂದ ಕಾಲದ ಪಳೆಯುಳಿಕೆಗಳಲ್ಲಿ ಕಾಣುವ ಬದಲಾವಣೆಗಳ ದಿಕ್ಕಿಗೂ ಇದಕ್ಕೂ ಹೋಲಿಕೆ ಇದೆ. ಜೀನ್‌ಗಳು ಮಾತ್ರ ಹಾಗೇ ಇದ್ದವು.

ಈ ಬದಲಾವಣೆ ಮುಂದಿನ ತಲೆಮಾರಿಗೆ ಇಳಿಯುತ್ತದೆ ಅಂತ ಯಾರೂ ಹೇಳುತ್ತಿಲ್ಲ. ಹೇಳುತ್ತಿರುವುದು ಹೀಗೆ. ಮೀನು ಮೊದಲು ನೆಲದಲ್ಲಿ ಹೇಗೋ ನಡೆಯಿತು ಅನ್ನಿ. ಅಲ್ಲೇ ತಲೆಮಾರುಗಟ್ಟಲೆ ಉಳಿಯಿತು. ಆಗ ಆ ನಡಿಗೆಯನ್ನು ಸಲೀಸು ಮಾಡುವ ಯಾವ ಜೀನ್ ಬಂದರೂ ಅದಕ್ಕೆ ಬೆಲೆ ಬರುತ್ತದೆ. ನಡಿಗೆ ಮುಂದೆ, ಜೀನ್ ಹಿಂದೆ. ಅಮೆರಿಕದ ಜೀವವಿಜ್ಞಾನಿ ಮೇರಿ ಜೇನ್ ವೆಸ್ಟ್-ಎಬರ್‌ಹಾರ್ಡ್ ಇದನ್ನೇ ವಾದಿಸಿದರು: ಜೀನ್‌ಗಳು ದಾರಿ ತೋರಿಸುವುದಕ್ಕಿಂತ ಹಿಂಬಾಲಿಸುವುದೇ ಜಾಸ್ತಿ ಅಂತ. ಇಂಥ ಯೋಚನೆ 1896ರಲ್ಲೇ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಕ್ ಬಾಲ್ಡ್ವಿನ್ ಬರಹದಲ್ಲಿದೆ.

ಹಿಂಬಾಲಿಸಿದ್ದಕ್ಕೆ ಕೈಗೆ ಸಿಗುವ ಉದಾಹರಣೆ ಬೇಕಾ? ಹಾಲು. ಎಲ್ಲ ಸಸ್ತನಿ ಮರಿಗಳೂ ಹಾಲು ಜೀರ್ಣಿಸುತ್ತವೆ, ಬೆಳೆದ ಮೇಲೆ ಆ ಶಕ್ತಿ ಹೋಗುತ್ತದೆ. ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ನಿಂತುಹೋಗುತ್ತದೆ. ಜಗತ್ತಿನ ಮೂರರಲ್ಲಿ ಎರಡು ಪಾಲು ದೊಡ್ಡವರ ಸ್ಥಿತಿಯೂ ಇದೇ. ಆದರೆ ದನ ಸಾಕಿದ ಕೆಲವು ಜನರಲ್ಲಿ ಅದು ನಿಲ್ಲುವುದಿಲ್ಲ, ಅದಕ್ಕೆ ಕಾರಣ ಒಂದು ಸಣ್ಣ ಮ್ಯುಟೇಶನ್, ಅಂದರೆ ಡಿಎನ್‌ಎಯಲ್ಲಿ ಆದ ಬದಲಾವಣೆ. ಯಾವುದು ಮೊದಲು? ಟರ್ಕಿಯ ಕಡೆಯ ಸುಮಾರು 9,000 ವರ್ಷ ಹಳೆಯ ಮಡಕೆಗಳಲ್ಲಿ ಹಾಲಿನ ಕೊಬ್ಬಿನ ಗುರುತು ಸಿಕ್ಕಿದೆ. ಯುರೋಪಿನಲ್ಲಿ ಈ ಜೀನ್ ವ್ಯಾಪಕವಾದದ್ದು ಅದಕ್ಕಿಂತ ಸಾವಿರಾರು ವರ್ಷ ಆಮೇಲೆ. ಹಸು ಸಾಕಿದ್ದು, ಕರೆದದ್ದು, ಕಾಯಿಸಿದ್ದು ಜನ. ಜೀನ್ ಆಮೇಲೆ ಬಂದು ಸೇರಿಕೊಂಡಿತು. ಆಫ್ರಿಕಾದ ದನಗಾಹಿಗಳಲ್ಲಿ ಇದೇ ಕೆಲಸವನ್ನು ಬೇರೆ ಮ್ಯುಟೇಶನ್‌ಗಳು ಮಾಡಿವೆ.

ಇಂಡಿಯಾದಲ್ಲಿ ಯುರೋಪಿನ ಮ್ಯುಟೇಶನ್ನೇ ಇದೆ. ವಾಯವ್ಯದಲ್ಲಿ ಜಾಸ್ತಿ, ದಕ್ಷಿಣಕ್ಕೂ ಪೂರ್ವಕ್ಕೂ ಬಂದ ಹಾಗೆ ಕಡಿಮೆ. ಹಾಗಂತ ನಾವು ಹಾಲು ಬಿಟ್ಟೆವಾ? ಹೆಪ್ಪು ಹಾಕಿದೆವು. ಮೊಸರಾಗುವಾಗ ಬ್ಯಾಕ್ಟೀರಿಯಾಗಳು ಆ ಸಕ್ಕರೆಯಲ್ಲಿ ಒಂದು ಪಾಲನ್ನು ತಿಂದು ಹಾಕುತ್ತವೆ. ದೇಹ ಮಾಡದ ಕೆಲಸ ಗಡಿಗೆಯಲ್ಲಿ ಆಗುತ್ತದೆ. ಎರೆಹುಳು ಮಣ್ಣಿಗೆ ಕೆಲಸ ವಹಿಸಿದ ಹಾಗೇ ಇದೂ. ಅಂದಮೇಲೆ ಜೀವಿಯ ಚಟುವಟಿಕೆ ಕೆಲವು ಸಲ ಆಯ್ಕೆಯ ಒತ್ತಡವನ್ನು ಹುಟ್ಟಿಸುತ್ತದೆ, ಕೆಲವು ಸಲ ತಗ್ಗಿಸುತ್ತದೆ. ಹಾಲು ಕುಡಿದರೆ ಸಾಕು, ಜೀನ್ ಹರಡುತ್ತದೆ ಅನ್ನುವಷ್ಟು ಸರಳ ಅಲ್ಲ ಅಂತ 2022ರ ಒಂದು ದೊಡ್ಡ ಅಧ್ಯಯನವೂ ಹೇಳಿತು. ಬರ, ಕಾಯಿಲೆ ಬಂದ ಕಾಲದಲ್ಲಿ ಹಾಲು ದಕ್ಕದವರಿಗೆ ಪೆಟ್ಟು ಬಿದ್ದು, ಆಗ ಆಯ್ಕೆ ಚುರುಕಾಗಿರಬಹುದು ಅನ್ನುವುದು ಅವರ ವಿವರಣೆ.

ಇನ್ನು ಜಗಳ. 2014ರ ಅಕ್ಟೋಬರಿನಲ್ಲಿ ನೇಚರ್ ಪತ್ರಿಕೆ ಎರಡು ಗುಂಪುಗಳನ್ನು ಎದುರುಬದುರು ಕೂರಿಸಿತು. ವಿಕಾಸ ಸಿದ್ಧಾಂತವನ್ನು ಮತ್ತೆ ಯೋಚಿಸಬೇಕಾ ಅಂತ ಪ್ರಶ್ನೆ. ಲಾಲಂಡ್ ಗುಂಪು ಹೌದು, ಅದೂ ತುರ್ತಾಗಿ ಅಂದಿತು. ಗ್ರೆಗರಿ ರೇ, ಹೋಪಿ ಹೊಯೆಕ್‌ಸ್ಟ್ರಾ ಇದ್ದ ಗುಂಪು ಬೇಡ, ಎಲ್ಲ ಸರಿಯಾಗೇ ಇದೆ ಅಂದಿತು. ಬೇಡ ಅಂದವರು ಮಾತು ಶುರು ಮಾಡಿದ್ದೇ ಡಾರ್ವಿನ್ನರ ಎರೆಹುಳುವಿನಿಂದ! ನೋಡಿ, ಇದೆಲ್ಲ ಅಜ್ಜನಿಗೇ ಗೊತ್ತಿತ್ತು, ಹೊಸದೇನಿದೆ ಅನ್ನುವ ಧಾಟಿ. 2016ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದೇ ವಿಷಯಕ್ಕೆ ಮೂರು ದಿನ ಸಭೆ ನಡೆಯಿತು. ಅಲ್ಲೂ ಒಮ್ಮತ ಆಗಲಿಲ್ಲ.

ಬ್ರಿಟನ್ನಿನ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಎತ್ತಿದ ಆಕ್ಷೇಪ ಗಟ್ಟಿ ಇದೆ. ಬೀವರ್ ಅನ್ನುವ ಪ್ರಾಣಿ ಮರ ಕಡಿದು ಹೊಳೆಗೆ ಕಟ್ಟುವ ಅಣೆಕಟ್ಟು ಬೀವರ್ ಜೀನ್‌ಗಳ ಲಾಭಕ್ಕೇ ಆರಿಸಿ ಬಂದದ್ದು, ಅದನ್ನು ಜೀನ್ ಲೆಕ್ಕದಲ್ಲೇ ಹಿಡಿಯಬಹುದು. ಆದರೆ ಸುಮಾರು 240 ಕೋಟಿ ವರ್ಷಗಳ ಹಿಂದೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾಗಳು ಗಾಳಿಗೆ ಆಮ್ಲಜನಕ ತುಂಬಿದ್ದು ಅವುಗಳ ಕಸ ಅಷ್ಟೇ. ಎರಡಕ್ಕೂ ಒಂದೇ ಹೆಸರು ಕೊಟ್ಟರೆ ಗೊಂದಲ ಅಂತ ಅವರ ವಾದ. ನಾನು ಇದನ್ನು ಅರ್ಧ ಒಪ್ಪುತ್ತೇನೆ. ಎರಡು ಬೇರೆ ಬೇರೆಯೇ. ಆದರೆ ಕಸವಾದರೂ ಆ ಆಮ್ಲಜನಕ ಆಮೇಲಿನ ಎಲ್ಲ ಜೀವಿಗಳ ಮೇಲಿನ ಆಯ್ಕೆಯನ್ನು ಬದಲಿಸಿತಲ್ಲ. ಅದನ್ನು ಹೊರಗಿನ ಹವಾಮಾನ ಅಂತ ಬರೆದು ಮುಗಿಸಿಬಿಟ್ಟರೆ ಅರ್ಧ ಕಥೆ ಹೋಯಿತು. ಸಿದ್ಧಾಂತ ಮುರಿದುಬಿದ್ದಿದೆ ಅಂತ ನಾನು ಹೇಳುವುದಿಲ್ಲ. ನೈಸರ್ಗಿಕ ಆಯ್ಕೆ ಇದ್ದಲ್ಲೇ ಇದೆ. ಆಯ್ಕೆ ಮಾಡುವ ಪರಿಸರ ಎಲ್ಲಿಂದ ಬಂತು ಅಂತ ಕೇಳುವ ಅಭ್ಯಾಸ ನಮ್ಮ ಪಾಠಗಳಲ್ಲಿ ಇಲ್ಲ, ನನ್ನ ತಕರಾರು ಅದು.

ಆಮೇಲೆ ಬಂದ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: “ಸರ್, ಇದು ಲಾಮಾರ್ಕ್ ಹೇಳಿದ್ದೇ ಅಲ್ವಾ?”

ಅಲ್ಲಮ್ಮ. ಡಾರ್ವಿನ್ನರಿಗಿಂತ ಮೊದಲಿನ ಫ್ರೆಂಚ್ ವಿಜ್ಞಾನಿ ಲಾಮಾರ್ಕ್ ಪ್ರಕಾರ ದುಡಿದು ಗಳಿಸಿದ ಗುಣ ನೇರವಾಗಿ ಮಕ್ಕಳಿಗೆ ಇಳಿಯುತ್ತದೆ. ಇಲ್ಲಿ ಹಾಗಿಲ್ಲ. 1953ರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ವಾಡಿಂಗ್ಟನ್ ಪ್ರಕಟಿಸಿದ ಪ್ರಯೋಗ ನೋಡಿ. ಹಣ್ಣಿನ ನೊಣದ ಪ್ಯೂಪಾಗಳಿಗೆ, ಅಂದರೆ ಮರಿಹುಳು ನೊಣವಾಗಿ ಬದಲಾಗುವ ಹಂತದಲ್ಲಿ, ಬಿಸಿ ತಗುಲಿಸಿದರು. ಕೆಲವು ನೊಣಗಳ ರೆಕ್ಕೆಯಲ್ಲಿ ಒಂದು ಅಡ್ಡನರ ಮಾಯವಾಯಿತು. ಅಂಥವನ್ನೇ ಆರಿಸಿ ತಳಿ ಮಾಡಿದರು, ಪ್ರತಿ ತಲೆಮಾರಿಗೂ ಬಿಸಿ ತಗುಲಿಸಿದರು. ಹತ್ತು ಹದಿನೈದು ತಲೆಮಾರು ಕಳೆಯುವಷ್ಟರಲ್ಲಿ ಬಿಸಿ ತಗುಲಿಸದೆಯೂ ಅಡ್ಡನರ ಇಲ್ಲದ ನೊಣಗಳು ಹುಟ್ಟತೊಡಗಿದವು. ಬಿಸಿ ಜೀನ್‌ಗಳನ್ನು ತಿದ್ದಿರಲಿಲ್ಲ. ಮೊದಲೇ ಇದ್ದು ಕಾಣದೆ ಇದ್ದ ಜೀನ್ ವ್ಯತ್ಯಾಸಗಳು ಬಿಸಿಯಿಂದ ಹೊರಗೆ ಕಂಡವು, ಆಯ್ಕೆ ಅವನ್ನು ಒಟ್ಟುಗೂಡಿಸಿತು. ಒಂದೇ ಬಗೆಯ ಜೀನ್ ಇರುವ ನೊಣಗಳಲ್ಲಿ ಈ ಆಟ ನಡೆಯುವುದಿಲ್ಲ.

ಜೀವಶಾಸ್ತ್ರದ ಮೇಷ್ಟ್ರೊಬ್ಬರು ಕೇಳಿದರು: “ಕೇಳೋಕೆ ಚೆನ್ನಾಗಿದೆ. ಪರೀಕ್ಷೆ ಮಾಡೋದು ಹೇಗೆ?”

ಜೀವಿಯ ಕೆಲಸವನ್ನು ಕಿತ್ತುಕೊಂಡು ನೋಡುವುದು. ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಆರ್ಮಿನ್ ಮೊಜೆಕ್ ಅವರ ತಂಡ ಸಗಣಿ ಹುಳುಗಳಲ್ಲಿ ಹೀಗೆ ಮಾಡಿದೆ. ತಾಯಿ ಮಣ್ಣಿನೊಳಗೆ ಸಗಣಿ ಉಂಡೆ ಕಟ್ಟಿ, ತನ್ನ ಹಿಕ್ಕೆಯ ಒಂದು ಸಣ್ಣ ಪೀಠ ಮಾಡಿ, ಅದರ ಮೇಲೆ ಒಂದು ಮೊಟ್ಟೆ ಇಡುತ್ತದೆ. ಮರಿ ಹೊರಬಂದು ಮೊದಲು ಆ ಪೀಠವನ್ನು ತಿನ್ನುತ್ತದೆ. ತಾಯಿಯ ಕರುಳಿನ ಸೂಕ್ಷ್ಮಜೀವಿಗಳು ಹಾಗೆ ಸಿಗುತ್ತವೆ. ಆಮೇಲೆ ಮರಿ ಉಂಡೆಯ ಒಳಗೇ ತಿಂದು, ಹೇತು, ಅದನ್ನು ಮತ್ತೆ ಕಲಸಿ, ಮತ್ತೆ ತಿನ್ನುತ್ತದೆ. ಹೀಗೆ ಮಾಡಿದಷ್ಟೂ ಸೂಕ್ಷ್ಮಜೀವಿಗಳು ಉಂಡೆಯಲ್ಲಿ ಹರಡುತ್ತವೆ. ಮೊಜೆಕ್ ತಂಡದವರು ಪೀಠವನ್ನು ತೆಗೆದು, ಮರಿಯನ್ನು ಆಗಾಗ ಹೊಸ ಸಗಣಿಗೆ ಬದಲಿಸಿ, ಅದರ ಕಲಸುವ ಕೆಲಸ ವ್ಯರ್ಥವಾಗುವ ಹಾಗೆ ಮಾಡಿದರು. ತಿನ್ನಲು ಸಗಣಿ ಸಿಗುತ್ತಲೇ ಇತ್ತು. ಆದರೂ ಹುಳುಗಳು ಗಾತ್ರದಲ್ಲಿ ಸಣ್ಣಗೇ ಉಳಿದವು.